ವೈರ್‌ಲೆಸ್ ರಾಯರು

ಯಡಿಯೂರು ಕೆರೆಯ ಸುತ್ತ ಬೆಳಗ್ಗೆ ನಡೆಯುವ ಹಿರಿಯರಿಗೆ ಮಾತಾಡಲು ಮೂರು ಅಂಕಿ ಸಾಕು: ಬಿ.ಪಿ., ಶುಗರು, ಪೆನ್ಷನ್ನು. ನಾಲ್ಕನೆಯದೊಂದನ್ನು ಹೊತ್ತುಕೊಂಡು ಬರುವವರು ನಮ್ಮ ವೈರ್‌ಲೆಸ್ ರಾಯರು ಮಾತ್ರ. "ಇವತ್ತು ಎಷ್ಟಿತ್ತು ರಾಯರೇ?" ಎಂದು ಯಾರಾದರೂ ಶುಗರನ್ನು ವಿಚಾರಿಸಿದರೆ, "ಐದೂವರೆಗೆ 48, ಆರಕ್ಕೆ 71. ಮೊನ್ನೆಗಿಂತ ಪರವಾಗಿಲ್ಲ" ಎನ್ನುತ್ತಾರೆ. ಶುಗರು ಅಷ್ಟು ಕೆಳಗಿಳಿದ ಮೇಲೂ ಈ ಮನುಷ್ಯ ನೆಟ್ಟಗೆ ನಡೆಯುತ್ತಿದ್ದಾರಲ್ಲ ಎಂದು ಹೊಸಬರು ಗಾಬರಿಯಾಗುತ್ತಾರೆ. ಅದು ಫೋನಿನ ಚಾರ್ಜು ಎಂದು ಹಳಬರು ಬಿಡಿಸಿ ಹೇಳಬೇಕು.

ನಿಮ್ಮ ಬೀದಿಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ಮಾಡಿ ನಿವೃತ್ತರಾದವರು. ಕಾರ್ಖಾನೆ ಅವರನ್ನು ಬಿಟ್ಟಿದೆ, ಕಂಟ್ರೋಲ್ ಬಿಟ್ಟಿಲ್ಲ. ಅಮೆರಿಕದ ಮಗ ಐಫೋನ್ 12 ಜೊತೆಗೆ ಒಂದು ಗುಂಡನೆಯ ವೈರ್‌ಲೆಸ್ ಚಾರ್ಜರ್ ತಟ್ಟೆ ತಂದುಕೊಟ್ಟ ದಿನದಿಂದ, ಬ್ಯಾಂಕಿನವರು ಪುಕ್ಕಟೆ ಕೊಟ್ಟ ಡೈರಿಯಲ್ಲಿ ಹಾಲಿನ ಲೆಕ್ಕದ ಕೆಳಗೆ ವ್ಯಾಟಿನ ಲೆಕ್ಕ ಶುರುವಾಯಿತು.

ಮೊದಲ ಪುಟದಲ್ಲೇ ದುಃಖ. ಡಬ್ಬಿಯ ಮೇಲೆ 15 ವ್ಯಾಟ್ ಎಂದಿದೆ. ಆದರೆ ಫೋನಿನ ನಿಯಮ ಬೇರೆ: ಅಯಸ್ಕಾಂತದಿಂದ ಬೆನ್ನಿಗೆ ಅಂಟಿಕೊಳ್ಳುವ ಮ್ಯಾಗ್‌ಸೇಫ್ ಆದರೆ 15, ಸಾದಾ ತಟ್ಟೆಯಾದರೆ ಏಳೂವರೆಯೇ ಗತಿ. ಅದೂ ಸಿಕ್ಕುತ್ತಿರಲಿಲ್ಲ, ಏಕೆಂದರೆ ರಾಯರು ತಟ್ಟೆಯನ್ನು ಹಳೆಯ ಫೋನಿನ 5 ವ್ಯಾಟ್ ಅಡಾಪ್ಟರಿಗೆ ಸಿಕ್ಕಿಸಿದ್ದರು. ಎಸ್.ಪಿ. ರೋಡಿಗೆ ಹೋಗಿ 20 ವ್ಯಾಟಿನದೂ, ಕರೆಂಟ್ ಅಳೆಯಲು ಒಂದು ಪುಟ್ಟ ಯುಎಸ್‌ಬಿ ಮೀಟರೂ ತಂದರು. ಮೀಟರ್ ಬಂದ ಮೇಲೆ ಮನೆಯಲ್ಲಿ ನೆಮ್ಮದಿ ಹೋಯಿತು.

ಫೋನನ್ನು ತಟ್ಟೆಯ ಮೇಲಿಡುವುದು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಇಳಿಸಿದಂತೆ. ಮೊದಲು ಕವರ್ ಕಳಚಬೇಕು. ತಟ್ಟೆಯೊಳಗಿನ ಸುರುಳಿಗೂ ಫೋನಿನೊಳಗಿನ ಸುರುಳಿಗೂ ನಡು ಸರಿಯಾಗಿ ಕೂಡಬೇಕು. ಒಂದಿಷ್ಟು ಪಕ್ಕಕ್ಕೆ ಸರಿದರೂ ಶಕ್ತಿಯೆಲ್ಲ ಬಿಸಿಯಾಗಿ ವ್ಯರ್ಥ. ಕೂಡಿಸಿದ್ದಾಯಿತು ಎಂದು ಉಸಿರು ಬಿಡುವಷ್ಟರಲ್ಲಿ ಯಾರಾದರೂ ಕರೆ ಮಾಡುತ್ತಾರೆ, ಫೋನು ವೈಬ್ರೇಟ್ ಆಗಿ ತಾನೇ ತೆವಳಿಕೊಂಡು ತಟ್ಟೆಯ ಅಂಚಿಗೆ ಬರುತ್ತದೆ. ರಾತ್ರಿ ಹೀಗಾದರೆ ಬೆಳಗ್ಗೆ ಎದ್ದಾಗ 12 ಪರ್ಸೆಂಟು. ಆದ್ದರಿಂದ ರಾಯರ ಬಂಧುಬಳಗಕ್ಕೆಲ್ಲ ಸೂಚನೆ ಹೋಗಿದೆ: "ಐದೂವರೆಯಿಂದ ಆರೂವರೆ ಫೋನ್ ಮಾಡ್ಬೇಡಿ, ಚಾರ್ಜಿಗಿಟ್ಟಿರ್ತೀನಿ." ವೈರ್ ಇದ್ದಾಗ ಚುಚ್ಚಿಕೊಂಡೇ ಮಾತಾಡುತ್ತಿದ್ದರು. ಈಗ ಆ ಬಂಧನವಿಲ್ಲ, ಫೋನಿನ ಪಕ್ಕ ಕಾವಲು ಕೂತಿರುತ್ತಾರೆ ಅಷ್ಟೆ.

ಆಮೇಲೆ ಬೇಸಿಗೆ ಬಂತು. ಫೋನು ಬಿಸಿಯಾದರೆ ಬ್ಯಾಟರಿ ಕೆಡದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ರಾಯರು ಮನೆಯ ಒಂದೇ ಒಂದು ಟೇಬಲ್ ಫ್ಯಾನನ್ನು ಅಡುಗೆಮನೆಯಿಂದ ಎತ್ತಿಕೊಂಡು ಬಂದು ಫೋನಿನ ಮುಂದಿಟ್ಟರು. ಅವರ ಶ್ರೀಮತಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವರು. ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದು ಕೇಳಿದರು:

"ರೀ, ಈ ಫ್ಯಾನು ಎಷ್ಟು ವ್ಯಾಟು?"

"ಐವತ್ತಿರಬೇಕು."

"ನಿಮ್ಮ ಫೋನು ಕುಡಿಯೋದು?"

"ಏಳೂವರೆ."

ಆಕೆ ಮುಂದೆ ಏನೂ ಹೇಳಲಿಲ್ಲ, ಮೇಷ್ಟ್ರಾಗಿದ್ದವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ. ರಾಯರಿಗೆ ಅದು ಗೊತ್ತಿಲ್ಲ. "ಇದು ಸಾಮಾನ್ಯ ವಿಷಯ ಅಲ್ಲ ಕಣೇ, ಫ್ಯಾರಡೆ 1831ರಲ್ಲಿ ಕಂಡುಹಿಡಿದ ಇಂಡಕ್ಷನ್ನು. ಒಂದು ಸುರುಳಿಯಲ್ಲಿ ಕರೆಂಟು ಆಡಿಸಿದರೆ, ಮುಟ್ಟದೇ ಇರೋ ಇನ್ನೊಂದು ಸುರುಳಿಯಲ್ಲಿ..." ಎಂದು ಶುರುಮಾಡಿದರು. ಒಳಗಿನಿಂದ ಉತ್ತರ ಬಂತು: "ನನ್ನ ಒಲೇನೂ ಇಂಡಕ್ಷನ್ನೇ. ಎರಡು ಸಾವಿರ ವ್ಯಾಟು. ನಾನು ಕೆರೆ ಸುತ್ತ ಹೇಳ್ಕೊಂಡು ತಿರುಗ್ತೀನಾ?"

ಹೇಳಿಕೊಂಡು ತಿರುಗುವುದಕ್ಕೆ ರಾಯರ ಬಳಿ ಸರಕಿಗೇನೂ ಕೊರತೆಯಿಲ್ಲ. ಬೇರೆ ಬೇರೆ ಕಂಪನಿಗಳು ಸೇರಿ 2008ರಲ್ಲಿ ಒಕ್ಕೂಟ ಕಟ್ಟಿ 'ಚೀ' ಎಂಬ ಒಂದೇ ಮಾನಕ ತಂದದ್ದು, ಮೊದಲಿಗೆ ಅದು ಬರೀ 5 ವ್ಯಾಟ್ ಇದ್ದದ್ದು, 2012ರಲ್ಲೇ ನೋಕಿಯಾ ಲೂಮಿಯಾ 920 ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಂದದ್ದು, ಐಫೋನಿಗೆ 2017ರ ತನಕ ಪುರುಸೊತ್ತಾಗದಿದ್ದದ್ದು ಎಲ್ಲವೂ ಒಂದು ಸುತ್ತಿನೊಳಗೆ ಮುಗಿಯುತ್ತದೆ. ಶವೋಮಿಯವರು 2020ರಲ್ಲಿ 80 ವ್ಯಾಟಿನ ವೈರ್‌ಲೆಸ್ಸಿನಲ್ಲಿ 4,000 ಎಂಎಎಚ್ ಬ್ಯಾಟರಿಯನ್ನು 19 ನಿಮಿಷಕ್ಕೆ ತುಂಬಿಸಿ ತೋರಿಸಿದ ಪ್ರಸಂಗಕ್ಕೆ ಬಂದಾಗ ಮಾತ್ರ ನಡಿಗೆ ನಿಲ್ಲಿಸುತ್ತಾರೆ. ಕುಳಿತೇ ಕೇಳಬೇಕಾದ ಭಾಗ ಅದು.

ಕಲ್ಲುಬೆಂಚಿನ ಮೇಲೆ ಒಮ್ಮೆ ಒಬ್ಬರು, "ಅಲ್ರೀ, ವೈರ್‌ಲೆಸ್ ಅಂತೀರಿ, ಆ ತಟ್ಟೆಯಿಂದ ಗೋಡೆಗೆ ವೈರ್ ಇದೆಯಲ್ಲ?" ಎಂದು ಕೆಣಕಿದರು. ರಾಯರು ಸೋಲಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದವರು ನಾವು, ಈಗ ತಂತಿಯನ್ನೇ ಬಿಡುತ್ತಿದ್ದೇವೆ ಎಂದರು. "ಎಷ್ಟು ದೂರ ಬಿಟ್ಟಿದ್ದೀರಿ?" ಎಂದು ಮರುಪ್ರಶ್ನೆ. ರಾಯರು ಹೆಬ್ಬೆರಳು ತೋರುಬೆರಳುಗಳ ನಡುವೆ ನಾಲ್ಕೈದು ಮಿಲಿಮೀಟರ್ ತೋರಿಸಿದರು. ಸುಳ್ಳು ಹೇಳುವ ಮನುಷ್ಯ ಅಲ್ಲ.

ಇನ್ನೊಂದು ದಿನ ಅವರ ಪಾಠ ಬ್ಯಾಟರಿಯ ಸ್ವಭಾವದ ಮೇಲೆ. "ಶುರುವಿನಲ್ಲಿ ಸರಸರ ಏರತ್ತೆ. ಎಂಬತ್ತು ದಾಟಿತೋ, ಪೂರ್ತಿ ನಿಧಾನ. ಆಮೇಲೆ ಎಷ್ಟು ಒತ್ತಾಯ ಮಾಡಿದ್ರೂ ಕೇಳೋದಿಲ್ಲ." ಬೆಂಚಿನ ಕೊನೆಯಲ್ಲಿದ್ದ ಎಂಬತ್ತೆರಡರ ಹಿರಿಯರು ಕೋಲು ಊರಿ ಏಳುತ್ತಾ, "ಇದಕ್ಕೆ ಮೀಟರ್ ಬೇರೆ ಬೇಕಾಯ್ತೇನಪ್ಪಾ" ಎಂದು ಹೊರಟೇಬಿಟ್ಟರು.

ರಾಯರು ಉಪಕಾರಿಯೂ ಹೌದು. ಯಾರ ಫೋನಿನ ಕವರಿನಲ್ಲಾದರೂ ಮೆಟ್ರೋ ಕಾರ್ಡು ಕಂಡರೆ ಎಳೆದು ಕೈಗೆ ಕೊಡುತ್ತಾರೆ: ಅದನ್ನು ನಡುವೆ ಇಟ್ಟುಕೊಂಡು ವೈರ್‌ಲೆಸ್ಸಿಗೆ ಹಚ್ಚಿದರೆ ಚಿಪ್ ಹಾಳಾಗಬಹುದಂತೆ. ಆ ಫೋನಿಗೆ ವೈರ್‌ಲೆಸ್ಸೇ ಇಲ್ಲ ಎಂದು ಆಮೇಲೆ ಗೊತ್ತಾಗುತ್ತದೆ. ಆಗ ರಾಯರು ಆ ಮನೆಗೆ ಸಾವು ಬಂದಷ್ಟು ಮರುಗುತ್ತಾರೆ.

ಮ್ಯಾಗ್‌ಸೇಫ್ ಕೊಂಡು 15ಕ್ಕೆ ಏರಿದ ಮೇಲಾದರೂ ಸುಮ್ಮನಾದಾರು ಎಂದುಕೊಂಡಿದ್ದೆವು. 2025ರ ಜುಲೈಯಲ್ಲಿ 'ಚೀ 2' ಮಾನಕ 25 ವ್ಯಾಟಿಗೆ ಏರಿತು. ಅದನ್ನು ಓದಿದಂದಿನಿಂದ 15 ರುಚಿಸುತ್ತಿಲ್ಲ. ಐಫೋನ್ 12 ಹದಿನೈದರ ಮೇಲೆ ಏಳುವುದಿಲ್ಲ, ಈಗ ಅವರ ಕಣ್ಣು ಐಫೋನ್ 17ರ ಮೇಲೆ. ಅದು ಫಾಕ್ಸ್‌ಕಾನ್‌ನವರ ದೇವನಹಳ್ಳಿ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ರಾಯರಿಗೆ ಮಾತ್ರ ಅಮೆರಿಕದಿಂದಲೇ ಬರಬೇಕು. ದೇವನಹಳ್ಳಿಯಲ್ಲಿ ಹುಟ್ಟಿದ ಫೋನು ಅರ್ಧ ಭೂಮಿ ಸುತ್ತಿ, ಮಗನ ಬ್ಯಾಗಿನಲ್ಲಿ ಮತ್ತೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ ಬಂದಿಳಿದರೂ ಇಳಿಯಿತು.

ಮಗ ವಿಡಿಯೋ ಕಾಲಿನಲ್ಲಿ ನಯವಾಗಿಯೇ ಕೇಳಿದ: "ಅಪ್ಪ, ಬೆಳಗ್ಗೆ ಕೆರೆ, ಮಧ್ಯಾಹ್ನ ನಿದ್ದೆ, ಸಂಜೆ ಹಾಪ್‌ಕಾಮ್ಸು. ಬೇಗ ಚಾರ್ಜ್ ಆಗಿ ಹತ್ತು ನಿಮಿಷ ಉಳಿದ್ರೆ ನೀವು ಏನ್ ಮಾಡ್ತೀರ?"

"ಆ ಹತ್ತು ನಿಮಿಷದಲ್ಲಿ ಎಷ್ಟು ಇಳಿಯತ್ತೆ ಅಂತ ನೋಡ್ಬೋದಲ್ಲಪ್ಪ" ಎಂದರು ರಾಯರು.

ಹಿಂದಿನಿಂದ ತಾಯಿಯ ಧ್ವನಿ ಕೇಳಿತು: "ಅವರಿಗೆ ಏನ್ ಬೇಕೋ ತಂದ್ಕೊಡು. ನನಗೆ ಅಲ್ಲಿಂದ ಏನೂ ಬೇಡ. ಬಂದಾಗ ಇಲ್ಲೇ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಟೇಬಲ್ ಫ್ಯಾನು ಕೊಡಿಸಿ ಹೋಗು."