ಮ್ಯಾಲಿನವರಿಗೊಂದು ಬಹಿರಂಗ ಪತ್ರ

ಮಹಾಮಹಿಮ ಮ್ಯಾಲಿನವರೇ,

ಸಾಷ್ಟಾಂಗ ನಮಸ್ಕಾರ ಎಂದು ಶುರು ಮಾಡಬೇಕಿತ್ತು. ಮೊಳಕಾಲು ನೋಯುತ್ತಿದೆ. ಈಗಷ್ಟೇ ಕಲಬುರಗಿಯ ಬಿಸಿಲಿನಲ್ಲಿ ಐದು ಸಿಮೆಂಟ್ ಅಂಗಡಿ ಹತ್ತಿಳಿದು ಬಂದಿದ್ದೇನೆ. ಆದ್ದರಿಂದ ಕೂತಲ್ಲಿಂದಲೇ ಒಂದು ನಮಸ್ಕಾರ, ಸ್ವೀಕರಿಸಬೇಕು.

ತಮ್ಮ ಹೆಸರು, ವಿಳಾಸ ಗೊತ್ತಿಲ್ಲದ್ದಕ್ಕೆ ಕ್ಷಮೆಯಿರಲಿ. ರೇಟ್ ಯಾಕೆ ಏರಿತು ಎಂದು ಮೊದಲನೇ ಅಂಗಡಿಯಲ್ಲಿ ಕೇಳಿದೆ. "ಮ್ಯಾಲಿಂದ ಬಂದದ ರೀ ಸರ್" ಎಂದು ಗಲ್ಲೆಯ ಮುಂದೆ ಕೂತವನು ಬೆರಳೆತ್ತಿ ತೋರಿಸಿದ. ನೋಡಿದೆ. ಫ್ಯಾನ್ ಇತ್ತು. ಎರಡನೇ ಅಂಗಡಿಯಲ್ಲೂ ಅದೇ ಮಾತು, ಅದೇ ಬೆರಳು, ಮೇಲೆ ಫ್ಯಾನ್. ಮೂರನೆಯ ಕಡೆ ಫ್ಯಾನ್ ಕೆಟ್ಟು ನಿಂತಿತ್ತು, ರೇಟಿಗೆ ಮಾತ್ರ ಏನೂ ಆಗಿರಲಿಲ್ಲ. ಹೀಗಾಗಿ ಲಕೋಟೆಯ ಮೇಲೆ ಏನು ಬರೆಯಬೇಕೆಂದು ತಿಳಿಯದೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಯಾವ ಫ್ಯಾನಿನ ಮೇಲೆ ಇದ್ದೀರೋ, ಅಲ್ಲಿಂದಲೇ ಓದಿಕೊಳ್ಳಿ.

ನಾನು 34 ವರ್ಷ ಗಣಿತ ಕಲಿಸಿ ನಿವೃತ್ತನಾದ ಮಾಸ್ತರ್. ಬಂದ ದುಡ್ಡಿನಲ್ಲಿ ಮಾಳಿಗೆಯ ಮೇಲೆ ಎರಡು ಖೋಲಿ ಕಟ್ಟಿಸುತ್ತಿದ್ದೇನೆ. ಶುಕ್ರವಾರ ಸ್ಲ್ಯಾಬ್. ಉಸುಕು ಬಂದಿದೆ, ಖಡಿ ಬಂದಿದೆ, ಸೆಂಟ್ರಿಂಗ್ ಬಡಿದು ನಾಲ್ಕು ದಿನವಾಯಿತು. 90 ಚೀಲ ಸಿಮೆಂಟ್ ಬೇಕು ಎಂದ ಗೌಂಡಿ. ಸೋಮವಾರ ಸಂಜೆ ಫೋನಿನಲ್ಲಿ ಒಂದು ರೇಟ್ ಕೇಳಿಕೊಂಡಿದ್ದೆ. ಬುಧವಾರ ಬೆಳಿಗ್ಗೆ ಹೋದರೆ ಚೀಲಕ್ಕೆ 30 ರೂಪಾಯಿ ಜಾಸ್ತಿ. ಒಂದು ಅಂಗಡಿಯಲ್ಲಲ್ಲ, ಐದರಲ್ಲೂ. ಒಂದು ಬ್ರ್ಯಾಂಡಿಗಲ್ಲ, ಐದಕ್ಕೂ. 30 ಗುಣಿಲೆ 90, 2,700 ರೂಪಾಯಿ. ಈ ಸಂಖ್ಯೆಯನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಟಿವಿಯಲ್ಲಿ ಈ ಐದೂ ಬ್ರ್ಯಾಂಡುಗಳು ದಾಯಾದಿಗಳ ಹಾಗೆ ಕಾದಾಡುತ್ತವೆ. ಒಂದರ ಗೋಡೆಗೆ ಭೂಕಂಪವೂ ಲೆಕ್ಕಕ್ಕಿಲ್ಲ, ಇನ್ನೊಂದರ ಗೋಡೆ ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ನಿಲ್ಲುತ್ತದೆ. ಅಂಗಡಿಗೆ ಬಂದರೆ ಐದೂ ಒಂದೇ ತಾಯಿಯ ಮಕ್ಕಳು. ಗುಣದಲ್ಲಿ ಅಷ್ಟೊಂದು ಭೇದವಿದ್ದವರು ಬೆಲೆಯಲ್ಲಿ ಇಷ್ಟೊಂದು ಅನ್ಯೋನ್ಯವಾಗಿರುವುದನ್ನು ಕಂಡು ನನ್ನ ಕಣ್ಣು ತುಂಬಿತು. (ಉಸುಕೂ ಸ್ವಲ್ಪ ಬಿದ್ದಿತ್ತು.)

ನೀವೆಲ್ಲ ಕೂಡಿ ಮಾತಾಡಿಕೊಂಡಿದ್ದೀರಿ ಎಂದು ನಾನು ಖಂಡಿತ ಹೇಳುತ್ತಿಲ್ಲ. ಪಿಂಚಣಿಯಲ್ಲಿ ವಕೀಲರನ್ನು ಇಡುವ ತಾಕತ್ತು ನನಗಿಲ್ಲ. ಮಾಸ್ತರನಾಗಿ ಒಂದು ಮಾತು ಹೇಳುತ್ತೇನೆ. 72ನ್ನು 8ರಿಂದ ಭಾಗಿಸಿದರೆ 9. ಇಡೀ ಕ್ಲಾಸು 9 ಎಂದು ಬರೆದರೆ ಯಾರ ಕಿವಿಯನ್ನೂ ಹಿಂಡುವ ಹಾಗಿಲ್ಲ. ಐದು ಮಂದಿ 11 ಎಂದು ಬರೆದಿದ್ದರೆ ಆಗ ಉತ್ತರ ಪತ್ರಿಕೆ ಬಿಟ್ಟು ಬೆಂಚು ನೋಡಬೇಕು. ಯಾರ ಮಗ್ಗುಲಿಗೆ ಯಾರು ಕೂತಿದ್ದರು? ನಮ್ಮ ಸ್ಪರ್ಧಾ ಕಾಯ್ದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಬೆಲೆ ಒಂದೇ ಇದ್ದ ಮಾತ್ರಕ್ಕೆ ಅಪರಾಧವಲ್ಲ, ಒಟ್ಟಿಗೆ ಕೂತದ್ದಕ್ಕೆ ಕುರುಹು ಬೇಕು.

ಆ ಬೆಂಚನ್ನು ಒಮ್ಮೆ ನೋಡಿದ್ದೂ ಆಗಿದೆ. ಕಟ್ಟಡ ಗುತ್ತಿಗೆದಾರರ ಸಂಘವೇ ದೂರು ಕೊಟ್ಟಿತ್ತು. ದಿಲ್ಲಿಯ ಭಾರತೀಯ ಸ್ಪರ್ಧಾ ಆಯೋಗ 2012ರ ಜೂನಿನಲ್ಲಿ 11 ಸಿಮೆಂಟ್ ಕಂಪನಿಗಳಿಗೂ ಅವರ ಸಂಘಕ್ಕೂ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿತು. 2010ರ ನವೆಂಬರ್, ಡಿಸೆಂಬರಿನಲ್ಲಿ ಉತ್ಪಾದನೆಯನ್ನೂ ರವಾನೆಯನ್ನೂ ಬಿಗಿಹಿಡಿದಿದ್ದರು, 2011ರ ಆರಂಭದಲ್ಲಿ ಮುಂಬೈಯಲ್ಲಿ ಸಂಘದ ಸಮಿತಿ ಸಭೆ ಸೇರಿತು, ಸಭೆ ಮುಗಿದ ಮೇಲೆ ಬೆಲೆ ಏರಿತು ಎಂಬುದು ಆಯೋಗದ ಎಣಿಕೆ. ಕಂಪನಿಗಳು ಒಪ್ಪಲಿಲ್ಲ, ಮೇಲ್ಮನವಿಗೆ ಹೋದವು. 2015ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ಆದೇಶವನ್ನೇ ರದ್ದು ಮಾಡಿತು. ಕಾರಣ ಕೇಳಿ: ವಾದ ನಡೆದಾಗ ಕೂತು ಕೇಳಿರದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದರು. ಪರೀಕ್ಷೆ ಬರೆದದ್ದು ಸರಿ, ತಿದ್ದಿದ್ದೂ ಇರಬಹುದು, ಅಂಕಪಟ್ಟಿಗೆ ಸಹಿ ಹಾಕಿದ ಹೆಡ್‌ಮಾಸ್ತರರೇ ಖೋಲಿಯಲ್ಲಿರಲಿಲ್ಲ! ಮತ್ತೆ ವಿಚಾರಣೆ. 2016ರ ಆಗಸ್ಟಿನಲ್ಲಿ ಮತ್ತೆ ದಂಡ, ಈ ಸಲ ಸುಮಾರು 6,700 ಕೋಟಿ. 2018ರ ಜುಲೈಯಲ್ಲಿ ಹೊಸ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವು. ಹತ್ತರಲ್ಲೊಂದು ಪಾಲು ಠೇವಣಿ ಇಡಿ ಎಂದಿತು ಕೋರ್ಟು.

2012ರಲ್ಲಿ ನನ್ನ ಶಾಲೆಯ ಒಂದನೇ ಕ್ಲಾಸಿನಲ್ಲಿ ಅ ಆ ತಿದ್ದುತ್ತಿದ್ದ ಹುಡುಗ ಈಗ ನನ್ನ ಸ್ಲ್ಯಾಬಿಗೆ ಸಳಿ ಕಟ್ಟುತ್ತಿದ್ದಾನೆ.

ಈ ಸ್ಪರ್ಧಾ ಕಾಯ್ದೆಯ ಬಾಲ್ಯವೂ ಹೀಗೇ ನಿಧಾನ. 1969ರ ಏಕಸ್ವಾಮ್ಯ ತಡೆ ಕಾಯ್ದೆ 1991ರ ಸುಧಾರಣೆಯ ನಂತರ ಮುದುಕನಾಯಿತು ಎಂದು 2002ರಲ್ಲಿ ಹೊಸದನ್ನು ಹೆತ್ತರು. ಕೂಟ ಕಟ್ಟಿ ಬೆಲೆ ಏರಿಸುವವರನ್ನು ಹಿಡಿಯುವ ಕಲಮು ಜಾರಿಗೆ ಬಂದದ್ದು 2009ರ ಮೇ 20ಕ್ಕೆ. ಹಲ್ಲು ಬರಲು ಏಳು ವರ್ಷ ಹಿಡಿದ ಕೂಸು. ಆ ಹಾಲುಹಲ್ಲು ನಿಮ್ಮ ಸಿಮೆಂಟಿಗೂ ತಗುಲಿತು, ಪಾಪ.

ನಿಮಗಿಂತ ಹಿಂದಿನ ಮ್ಯಾಲಿನವರನ್ನೂ ನಾನು ಬಲ್ಲೆ. ನಮ್ಮ ಅಪ್ಪ ಮನೆ ಕಟ್ಟುವಾಗ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಸಾಹೇಬರ ಟೇಬಲ್ಲಿನ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತರೆ ಹತ್ತು ಚೀಲ ಕೇಳಿದವನಿಗೆ ನಾಲ್ಕು. ಸಿಮೆಂಟ್ ಹಂಚಿಕೆಯ ರಾದ್ಧಾಂತದಲ್ಲಿ 1982ರಲ್ಲಿ ಪಕ್ಕದ ಮಹಾರಾಷ್ಟ್ರದ ಮುಖ್ಯಮಂತ್ರಿ ಅಂತುಳೆಯವರು ಕುರ್ಚಿಯನ್ನೇ ಬಿಡಬೇಕಾಯಿತು. ಅದೇ ವರ್ಷ ನಿಯಂತ್ರಣ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಇನ್ನು ಮೇಲೆ ಪೇಟೆಯೇ ಬೆಲೆ ಕಟ್ಟುತ್ತದೆ ಎಂದರು. ಅಪ್ಪ ಟೋಪಿ ತಲೆಗೆ ಹಾಕಿಕೊಂಡು ಮನೆಗೆ ಬಂದ. ಆಗಿನ ಕಾಲ ಒಳ್ಳೆಯದಿತ್ತು ಎನ್ನುವಷ್ಟು ಅರಳುಮರುಳು ನನಗಿನ್ನೂ ಆಗಿಲ್ಲ. ಆದರೆ ಅಪ್ಪನಿಗೆ ತನ್ನ ಮ್ಯಾಲಿನವರ ಹೆಸರು ಗೊತ್ತಿತ್ತು, ಕಚೇರಿ ಗೊತ್ತಿತ್ತು, ಬೈಯಬೇಕೆಂದರೆ ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಬೈಯಬಹುದಿತ್ತು. ನನಗೆ ಫ್ಯಾನ್ ಇದೆ.

ಸಾಗಣೆ ಖರ್ಚು ಎಂಬ ಮಾತನ್ನು ಮಾತ್ರ ನನ್ನ ಮುಂದೆ ಆಡಬೇಡಿ. ಸೇಡಂ, ಚಿತ್ತಾಪುರ, ವಾಡಿ, ಮಳಖೇಡ, ಎಲ್ಲ ನಮ್ಮ ಜಿಲ್ಲೆಯವೇ. ಸುಣ್ಣಕಲ್ಲು ನಮ್ಮ ಕಾಲ ಕೆಳಗೇ ಇದೆ. ನೃಪತುಂಗ ಆಳಿದ ಮಾನ್ಯಖೇಟದಲ್ಲಿ ಈಗ ಸಿಮೆಂಟಿನ ಚಿಮಣಿ ಆಳುತ್ತದೆ. ಕಾರ್ಖಾನೆ ತಾಸೊಪ್ಪತ್ತಿನ ದಾರಿ, ಲಾರಿ ನಮ್ಮ ಓಣಿಯ ಮುಂದೆಯೇ ಹೋಗುತ್ತದೆ, ಧೂಳು ಪುಕ್ಕಟೆ. ಚೀಲದ ರೇಟ್ ಮಾತ್ರ ಮ್ಯಾಲಿಂದ ಬರಬೇಕು! ನೆಲದ ಕೆಳಗಿನಿಂದ ತೆಗೆದದ್ದು ಅಷ್ಟು ಮೇಲಕ್ಕೆ ಹೋದದ್ದು ಯಾವಾಗ?

2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಕುಣಿದುಕೊಂಡು ಅಂಗಡಿಗೆ ಹೋದೆ. "ಹಳೀ ಸ್ಟಾಕ್ ಅದ ರೀ ಸರ್, ನಾಕು ದಿನ ತಡೀರಿ" ಎಂದರು. ಈಗ ರಾತ್ರೋರಾತ್ರಿ 30 ರೂಪಾಯಿ ಏರಿತಲ್ಲ, ಹಳೇ ಸ್ಟಾಕ್ ಎಲ್ಲಿ ಎಂದು ಇವತ್ತು ಕೇಳಿದೆ. ಏರುವಾಗ ಹಳೇ ಸ್ಟಾಕ್ ಇರುವುದಿಲ್ಲವಂತೆ. ಬೆಲೆ ಇಳಿಯುವಾಗಲಷ್ಟೇ ಗೋದಾಮು ತುಂಬಿರುತ್ತದೆ. ಗಣಿತದಲ್ಲಿ ಇದನ್ನು ನಾನು ಕಲಿಸಿರಲಿಲ್ಲ.

ನಿಮ್ಮ ಬೀಗರು ಪರದೇಶದಲ್ಲೂ ಇದ್ದಾರೆ, ಬೇಸರ ಬೇಡ. ದಕ್ಷಿಣ ಆಫ್ರಿಕಾದಲ್ಲಿ 2006ರ ಕ್ರಿಸ್‌ಮಸ್ ಹೊತ್ತಿಗೆ ದೊಡ್ಡ ಬೇಕರಿ ಕಂಪನಿಗಳೆಲ್ಲ ಒಟ್ಟಿಗೆ ಬ್ರೆಡ್ಡಿನ ಬೆಲೆ ಏರಿಸಿದವು. ಬ್ರೆಡ್ ಹಂಚುವ ಒಬ್ಬ ಸಣ್ಣ ವ್ಯಾಪಾರಿಗೆ ಸಂಶಯ ಬಂದು ದೂರು ಕೊಟ್ಟ. ಮರುವರ್ಷವೇ ಒಂದು ಕಂಪನಿ ಒಪ್ಪಿಕೊಂಡು ಸುಮಾರು 9.9 ಕೋಟಿ ರ‍್ಯಾಂಡ್ ದಂಡ ಕಟ್ಟಿತು. ಮೊದಲು ಬಾಯಿಬಿಟ್ಟವನಿಗೆ ಮಾಫಿ ಎಂಬ ಕಲಮು ಅಲ್ಲೂ ಇದೆ, ಇಲ್ಲೂ ಇದೆ. ಏಳನೇ ಕ್ಲಾಸಿನಲ್ಲಿ ಅದನ್ನು ನಾನೂ ಬಳಸಿದ್ದೇನೆ: ಕಾಪಿ ಹೊಡೆದವರಲ್ಲಿ ಮೊದಲು ಎದ್ದು ನಿಂತವನಿಗೆ ಏಟಿಲ್ಲ. ಎರಡೇ ನಿಮಿಷದಲ್ಲಿ ಇಡೀ ಬೆಂಚು ಎದ್ದು ನಿಲ್ಲುತ್ತಿತ್ತು.

ಆದರೆ ಯಪ್ಪಾ, ನಾನು ಕೇಳುವುದು ಬೇರೆ. ದಂಡ ಕಟ್ಟಿದರೂ ಅದು ಹೋಗುವುದು ಭಾರತದ ಸಂಚಿತ ನಿಧಿಗೆ. ಚೀಲ ಹೊತ್ತವನಿಗಲ್ಲ, ಚೀಲ ಕೊಂಡವನಿಗಲ್ಲ. ಪರಿಹಾರ ಬೇಕಿದ್ದರೆ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಿ ಎನ್ನುತ್ತದೆ ಕಾಯ್ದೆ. ಯಾರು ಹಾಕಬೇಕು? ದಿಲ್ಲಿಗೆ ಹೋಗಿಬರುವ ರೈಲಿನ ಚಾರ್ಜೇ ನನ್ನ 2,700ನ್ನು ನುಂಗುತ್ತದೆ. ಅದು ನಿಮಗೂ ಗೊತ್ತು. ಒಬ್ಬನಿಂದ 2,70,000 ಕಿತ್ತುಕೊಂಡರೆ ಅವನು ಕೋರ್ಟಿಗೆ ಬರುತ್ತಾನೆ, ನೂರು ಜನರಿಂದ 2,700 ತೆಗೆದರೆ ಯಾರೂ ಬರುವುದಿಲ್ಲ, ಮನೆಯಲ್ಲಿ ಕೂತು ಪತ್ರ ಬರೆಯುತ್ತಾರೆ. ಇದು ವ್ಯಂಗ್ಯವಲ್ಲ. ಸಿಟ್ಟು. ನನ್ನ 2,700 ಎಲ್ಲಿ?

ಇಷ್ಟು ಬರೆಯುವಾಗ ಗೌಂಡಿಯ ಫೋನ್ ಬಂತು. "ಚೀಲ ಬಂದ್ವೇನ್ರಿ ಸರ್? ಸೆಂಟ್ರಿಂಗ್ ಬಾಡಿಗಿ ದಿನಾ ಏರ್ಲಾಕತ್ತದ." ಪತ್ರವನ್ನು ಜೇಬಿಗೆ ತುರುಕಿ ಮತ್ತೆ ಐದನೇ ಅಂಗಡಿಗೆ ಹೋದೆ. ಅದರ ಮಾಲೀಕ ನನ್ನ ಹಳೇ ವಿದ್ಯಾರ್ಥಿ, ಮಗ್ಗಿ ಬಾರದೆ ದಿನಾ ಬಾಗಿಲ ಹೊರಗೆ ನಿಲ್ಲುತ್ತಿದ್ದವನು. ಈಗ ಕ್ಯಾಲ್ಕುಲೇಟರ್ ಇಲ್ಲದೆ 90 ಚೀಲದ ಲೆಕ್ಕ ಹೇಳಿದ. ಪತ್ರ ಓದಲು ಕೊಟ್ಟೆ. ಪೂರ್ತಿ ಓದಿ, "ನನ್ನ ಹೆಸರು ಬರದಿಲ್ಲ ಹೌದಿಲ್ಲೋ ಸರ್?" ಎಂದ. ಇಲ್ಲ ಎಂದೆ. ಆಚೀಚೆ ನೋಡಿ, ದನಿ ತಗ್ಗಿಸಿ, ಚೀಲಕ್ಕೆ 5 ರೂಪಾಯಿ ಬಿಟ್ಟ. "ಯಾರಿಗೂ ಹೇಳಬ್ಯಾಡ್ರಿ ಸರ್. ಮ್ಯಾಲಿನವರಿಗಿ ಗೊತ್ತಾದ್ರ ಮಾಲ್ ಬಂದ್ ಮಾಡ್ತಾರ."

ಮಾತು ಕೊಟ್ಟಿದ್ದೇನೆ, ಅವನ ಹೆಸರು ಹೇಳುವುದಿಲ್ಲ. ಅವನ ಅಂಗಡಿಯ ಫ್ಯಾನಿಗೆ ಮೂರು ರೆಕ್ಕೆ ಎಂದಷ್ಟೇ ಹೇಳಬಲ್ಲೆ, ಹುಡುಕಿಕೊಳ್ಳಿ. ನಿಮ್ಮ ಬಾಕಿ ಈಗ 2,250 ರೂಪಾಯಿ.

ಇಂತಿ,
ಕೆಳಗಿನವ
ಕಲಬುರಗಿ