ಯಾರೂ ಇಟ್ಟಿರಬಾರದು

ರಾತ್ರಿ ಒಂಬತ್ತರ ಮೇಲೆ ಯಾರಾದರೂ ನಮ್ಮ ಮನೆ ಬಾಗಿಲು ಬಡಿದರೆ ಒಂದೋ ಅರ್ಜಿ ಬರೆಸಲು ಬಂದಿರುತ್ತಾರೆ, ಇಲ್ಲ ಹೆಸರು ಕೇಳಲು. ಅರ್ಜಿಯವರು ಒಂದು ಚಹಾಕ್ಕೆ ಮುಗಿಯುತ್ತಾರೆ. ಹೆಸರಿನವರು ಮುಗಿಯುವುದಿಲ್ಲ.

ಸಿಂದಗಿಯಲ್ಲಿ ಇಂಥವರು ಓಣಿಗೊಬ್ಬರಿದ್ದಾರೆ. ನಮ್ಮ ಓಣಿಯವನಿಗೆ ನಾನು ‘ನಾಮದೇವ’ ಎಂದು ಅಡ್ಡಹೆಸರಿಟ್ಟಿದ್ದೇನೆ. ಬೀಜ-ಗೊಬ್ಬರದ ಅಂಗಡಿ, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು. ಬಂದವನೇ ಚಪ್ಪಲಿ ಬಿಡುವುದರೊಳಗೆ ಶುರು:

“ಸರ, ಕೂಸಿಗೊಂದು ಹೆಸರು ಬೇಕ್ರಿ. ಎರಡೇ ಅಕ್ಷರ ಇರಬೇಕು, ಸಂಸ್ಕೃತ ಇರಬೇಕು, ದುಬೈದಾಗೂ ಕರೀಲಿಕ್ಕೆ ಬರಬೇಕು. ಮುಖ್ಯ ಏನಂದ್ರ, ಯಾರೂ ಇಟ್ಟಿರಬಾರ್ದು.”

ದುಬೈಗೂ ಇವನಿಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಇವನು ಅಫಜಲಪುರ ದಾಟಿ ಹೋದದ್ದೇ ಮದುವೆಗೆ ಹೆಣ್ಣು ನೋಡಲು.

ಇವನ ಅಪ್ಪನ ಹೆಸರು, ನಮ್ಮ ಸೀಮೆಯ ರೂಢಿಯಂತೆ, ಗೊಲ್ಲಾಳಪ್ಪ ಎಂದಿಟ್ಟುಕೊಳ್ಳೋಣ. ನಮ್ಮಲ್ಲಿ ಹೆಸರಿಗೊಂದು ಕಾರಣ ಇರುತ್ತಿತ್ತು. ಕುರಿಯ ಹಿಕ್ಕಿಯನ್ನೇ ಲಿಂಗವೆಂದು ಪೂಜಿಸಿದ ಶರಣ ಗೊಲಗೇರಿಯ ಗೊಲ್ಲಾಳೇಶ. ಅವನಿಗೆ ಬೇಡಿಕೊಂಡು ಹುಟ್ಟಿದವ ಗೊಲ್ಲಾಳಪ್ಪ. ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ, ಸಾವಿನ ಕಣ್ಣು ತಪ್ಪಿಸಲು ತಿಪ್ಪೆಯಲ್ಲಿ ಹೊರಳಾಡಿಸಿ ತಂದವ ತಿಪ್ಪಣ್ಣ. ಹೆಣ್ಣು ಹುಟ್ಟಿ ಹುಟ್ಟಿ ಬೇಸತ್ತವರ ಮನೆಯ ಕೊನೆಯವಳು ಸಾಕವ್ವ. ಪಾಪ, ಆ ಹುಡುಗಿಗೆ ಹೆಸರೇ ಒಂದು ದೂರು. ನಾನು ಹಳೆಯದೆಲ್ಲ ಬಂಗಾರ ಎನ್ನುವವನಲ್ಲ. ಆದರೆ ಈ ಹೆಸರುಗಳಿಗೆ ಅರ್ಥ ಹುಡುಕಲು ಯಾರೂ ಫೋನು ತೆಗೆಯುತ್ತಿರಲಿಲ್ಲ.

ಹೆಸರಿನ ಶಾಸ್ತ್ರಕ್ಕೂ ನಮ್ಮ ತಾಲೂಕಿಗೂ ನಂಟುಂಟು. ‘ಕನ್ನಡ ನಾಮವಿಜ್ಞಾನ’ ಬರೆದ ಎಂ.ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಇಲ್ಲಿಯ ಯರಗಲ್ಲಿನಲ್ಲಿ. ಆ ಎರಡು ‘ಎಂ’ ಬಿಡಿಸಿದರೆ ಮಲ್ಲೇಶಪ್ಪ, ಮಡಿವಾಳಪ್ಪ. ಅಭಿಮಾನದಿಂದ ಪುಸ್ತಕ ತೆಗೆದುಕೊಟ್ಟೆ. ಮೂರು ದಿನಕ್ಕೆ ತಿರುಗಿ ತಂದ.

“ಪುಸ್ತಕ ಛಲೋ ಐತ್ರಿ ಸರ. ಆದ್ರ ಇದರಾಗ ಎಲ್ಲಾ ಇಟ್ಟ ಹೆಸರೇ ಅದಾವು. ಇಡದ ಹೆಸರು ಒಂದೂ ಇಲ್ಲ.”

ಮುಂದಿನ ವಾರ ಫೋನಿನಲ್ಲಿ ಹೊಸ ಪಟ್ಟಿ ಬಂತು. ರೇಯಾಂಶ್, ಅರ್ಥ: ಸೂರ್ಯಕಿರಣದ ಅಂಶ. ಅಮರಕೋಶದಲ್ಲಿ ಸೂರ್ಯನಿಗೂ ಕಿರಣಕ್ಕೂ ಹೆಸರು ಸಾಲುಗಟ್ಟಿ ನಿಂತಿವೆ. ‘ರೇ’ ಮಾತ್ರ ಕಾಣಲಿಲ್ಲ. ತಡವಾಗಿ ಹೊಳೆಯಿತು: ಆ ‘ರೇ’ ಇಂಗ್ಲಿಷಿನದು! ಮೂಡಲ ಸೂರ್ಯನಿಗೆ ಪಡುವಣದ ಕಿರಣ. ಹೇಳಿದರೆ ಇನ್ನೂ ಖುಷಿಪಟ್ಟ. “ಎರಡೂ ಭಾಷಾದಾಗ ನಡೀತೈತಲ್ರಿ!”

ನಡುವೆ ಭಟ್ಟರು ಪಂಚಾಂಗ ತೆಗೆದರು. ಕೂಸು ಹಸ್ತ ನಕ್ಷತ್ರದ್ದು. ಹಸ್ತಕ್ಕೆ ಅಕ್ಷರಗಳು ಪು, ಷ, ಣ, ಠ. ಕೂಸು ಬಂದದ್ದು ಸರಿಯಾಗಿ ಮೂರನೆಯ ಚರಣಕ್ಕೆ. ಅಂದರೆ ‘ಣ’. ಬೇರೆ ತಂದೆಯಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂಡುತ್ತಿದ್ದ. ನಾಮದೇವ ಓಡುತ್ತಾ ಬಂದ.

“ಸರ! ಣ ಬಂದೈತ್ರಿ! ಇದನ್ನಂತೂ ಯಾರೂ ಇಟ್ಟಿರಂಗಿಲ್ಲ!”

ಪ್ರಾಕೃತದಲ್ಲಿ ಣಕಾರದಿಂದ ಏಳುವ ಶಬ್ದ ಬೇಕಾದಷ್ಟಿವೆ. ಕನ್ನಡಕ್ಕೆ ಆ ಚಟವಿಲ್ಲ. 1894ರ ಕಿಟೆಲ್ ನಿಘಂಟನ್ನು ತಿರುವಿ ಹಾಕಿ ಕೈಚೆಲ್ಲಿದೆ. ಅವನೇ ಒಂದು ತೀರ್ಮಾನಕ್ಕೆ ಬಂದ: ‘ಣವೀನ್’. ಒಳಗಿನಿಂದ ನಮ್ಮಾಕೆ ಕೇಳಿದಳು, “ಯಾಕ, ಕೂಸಿಗೆ ಮೂಗು ಕಟ್ಟೈತೇನು?”

ಣವೀನ್ ಅಲ್ಲಿಗೆ ಮುಗಿದ.

ಕಾಯ್ದೆಯಾದರೂ ಇಂಥವರಿಗೆ ಮೂಗುದಾರ ಹಾಕಬಹುದಿತ್ತು. ಅದು ಇವರ ಪಕ್ಷವೇ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು ನಿಜ, ಆದರೆ ಹೆಸರಿಲ್ಲದೆಯೂ ನೋಂದಾಯಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಪುಕ್ಕಟೆ; ಆಮೇಲೆ ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶ. ನಾನು ಇದನ್ನು ಬಾಯಿತಪ್ಪಿ ಹೇಳಿಬಿಟ್ಟೆ. “ಹದಿನೈದು ವರ್ಷ!” ಎಂದು ಅವನ ಕಣ್ಣು ಅರಳಿದ ರೀತಿ ನೋಡಿ ಬೆವತೆ. ಪುಣ್ಯಕ್ಕೆ ಅವನ ತಾಯಿ ತೊಟ್ಟಿಲಿಗೆ ದಿನ ಗೊತ್ತುಮಾಡಿ, ಗುಗ್ಗರಿಗೆ ಕಡಲೆ ನೆನೆಹಾಕಿಬಿಟ್ಟಿದ್ದಳು.

ಹಿಂದಿನ ರಾತ್ರಿ ಹೆಸರು ಸಿಕ್ಕಿತು: ಅದ್ವಿಕ್. ಅದ್ವಿತೀಯನ ಬಾಲ ಕೊಯ್ದು ಮೊಂಡು ಮಾಡಿದ್ದು. ಅರ್ಥ ಮಾತ್ರ ಪೂರ್ತಿ ಉಳಿದಿದೆಯಂತೆ: ಎರಡನೆಯವನಿಲ್ಲದವ.

ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆಕೆಗೆ ಬೆಳಿಗ್ಗೆಯಿಂದ ತಾಲೀಮು ನಡೆದಿತ್ತು. ಹೊತ್ತು ಬಂದಾಗ ಹೆಂಗಸರೆಲ್ಲ ಬೆನ್ನಿಗೆ ಗುದ್ದಲು ಕೈ ಮುಷ್ಟಿ ಮಾಡಿಕೊಂಡು ಹಿಂದೆ ನಿಂತರು. ಆಕೆ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ, ಹೊರಗಿನವರಿಗೂ ಕೇಳುವಂತೆ, “ಕುರ್ರ್… ಅದ್ರಕ್!” ಅಂದಳು.

ಧಬಧಬ ಗುದ್ದು ಬಿದ್ದೇಬಿಟ್ಟವು. ಗುದ್ದು ಬಿದ್ದ ಮೇಲೆ ಹೆಸರು ತಿದ್ದುವ ಪದ್ಧತಿ ಇಲ್ಲ. ಚಹಾದಂಗಡಿಯಲ್ಲಿ ಹಸಿಶುಂಠಿಗೆ ನಾವೆಲ್ಲ ಅದ್ರಕ್ ಎಂದೇ ಅನ್ನುವವರು. ಆಕೆಯ ನಾಲಿಗೆ ತನಗೆ ಗೊತ್ತಿದ್ದ ದಾರಿ ಹಿಡಿದಿತ್ತು. ಅದರಲ್ಲಿ ಆಕೆಯ ತಪ್ಪಿಲ್ಲ. 2014ರ ನವೆಂಬರ್ 1ಕ್ಕೆ ಸರಕಾರವೇ ಬಿಜಾಪುರವನ್ನು ವಿಜಯಪುರ ಮಾಡಿತು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಹೋಗಿ ನಿಲ್ಲಿರಿ, ಬೋರ್ಡು ಒಂದು ಹೇಳುತ್ತದೆ, ಬಾಯಿ ಇನ್ನೊಂದು ಕೂಗುತ್ತದೆ.

ಮೂರು ವರ್ಷಕ್ಕೆ ಎರಡನೆಯವನಿಲ್ಲದವ ಅಂಗನವಾಡಿಗೆ ಹೋದ. ಅಲ್ಲಿ ಆಗಲೇ ಇಬ್ಬರು ಅದ್ವಿಕ್‌ ಇದ್ದರು.

ಟೀಚರಮ್ಮನದು ಗಟ್ಟಿ ತಲೆ. ಮೊದಲ ದಿನವೇ ವಿಂಗಡಿಸಿದಳು: ತಿಪ್ಪಣ್ಣನ ಅದ್ವಿಕ್, ಮೂಲಿಮನಿ ಅದ್ವಿಕ್, ಗೊಲ್ಲಾಳಪ್ಪನ ಅದ್ವಿಕ್. ಅವಸರ ಇದ್ದಾಗ ಅದ್ವಿಕ್ ಬಿಟ್ಟುಬಿಡುತ್ತಾಳೆ. “ಏ ಗೊಲ್ಲಾಳಪ್ಪಾ, ಬಾಯಾಗಿನ ಬಳಪ ತೆಗಿ” ಎಂದರೆ ಇವನ ಮಗ ಬಾಯಿ ತೆರೆಯುತ್ತಾನೆ. ಮುದುಕ ಮಾತ್ರ ಆ ಹೊತ್ತಿಗೆ ಸರಿಯಾಗಿ ದಿನಾ ಅಂಗನವಾಡಿಯ ಕಟ್ಟೆಯ ಮೇಲೆ ಬಂದು ಕೂಡುತ್ತಾನೆ, ತನ್ನ ಹೆಸರು ಕೂಗುವುದನ್ನು ಕೇಳಲು.

ಮೊನ್ನೆ ರಾತ್ರಿ ಮತ್ತೆ ಬಾಗಿಲು ಬಡಿಯಿತು. ಎರಡನೆಯದೂ ಗಂಡು. ನಾಮದೇವ ಈ ಸಲ ಸ್ವಲ್ಪ ಮೆತ್ತಗಾಗಿದ್ದ.

“ಸರ, ವಿಚಾರ ಮಾಡಿದೆ. ಅಪ್ಪನ ಹೆಸರೂ ಉಳೀಬೇಕು.”

ನನಗೆ ಗಂಟಲು ಕಟ್ಟಿದಂತಾಯಿತು. “ಶಹಬ್ಬಾಸ್ ತಮ್ಮಾ” ಎಂದೆ.

“ಅದಕ್ಕ ನಾನ ಒಂದು ಕಟ್ಟೀನ್ರಿ. ಗೊಲ್ಲಾಳಪ್ಪನ ಅಂಶ. ಗೊಲ್ಲಾಂಶ್!”

ಮೂವತ್ತು ವರ್ಷ ವ್ಯಾಕರಣ ಕಲಿಸಿದ ಜೀವ, ತಡೆಯಲಾಗಲಿಲ್ಲ. “ತಮ್ಮಾ, ಗೊಲ್ಲ ಅನ್ನೂದು ಕನ್ನಡ, ಅಂಶ ಅನ್ನೂದು ಸಂಸ್ಕೃತ. ಹಂಗ ಕೂಡಿಸಿದ್ರ ದೋಷ ಬರತೈತಿ. ಅದಕ್ಕ ಅರಿಸಮಾಸ ಅಂತಾರ.”

ಅವನ ಬೆರಳು ಫೋನಿನ ಮೇಲೆ ನಿಂತಿತು. ಮುಖ ಮೆಲ್ಲಗೆ ಅರಳಿತು.

“ಏನಂದ್ರಿ? ಇನ್ನೊಮ್ಮೆ ಅನ್ರಿ… ಅರಿಸಮಾಸ… ಅರಿಸಮ್… ಸರ, ಇದನ್ನ ಯಾರೂ ಇಟ್ಟಿಲ್ಲಲ್ರಿ?”