ಕಲಬುರಗಿ ಟೈಮು

ಹೊರಟ್ರು ಪದ್ಮಕ್ಕ, ನನ್ನ ಹಾಸ್ಟೆಲ್ ಗೆಳತಿಯರು ಬೆಳಿಗ್ಗೇನೇ ಹೊರಟ್ರು. ಇಗೊಳ್ಳಿ ನಿಮ್ಮ ಕೊಳದಪ್ಪಲೆ. ಖಾಲಿ ಕೊಡಬಾರದು ಅಂತ ಎರಡು ಪಾವು ತೊಗರಿಬೇಳೆ ಹಾಕಿದೀನಿ, ಕಲಬುರಗಿಯದು. ನಮ್ಮ ಮೈಸೂರು ಮಲ್ಲಿಗೆಗೆ ಇದೆಯಲ್ಲ ಜಿ.ಐ. ಟ್ಯಾಗು, 2019ರಲ್ಲಿ ಈ ಬೇಳೆಗೂ ಸಿಕ್ಕಿತಂತೆ. ಶರಣಿ ಚೀಲ ಇಳಿಸುವಾಗ ಒಂದ್ಸಲ ಹೇಳಿದಳು, ಬಿಚ್ಚುವಾಗ ಒಂದ್ಸಲ, ಸಾರು ಬಡಿಸುವಾಗ ಮತ್ತೊಂದ್ಸಲ. ಇನ್ನು ನಾನು ಸಾಯೋವರೆಗೂ ಮರೆಯಲ್ಲ.

ಪರಿಚಯ ಮಾಡಿಸೋಕೂ ಆಗಲಿಲ್ಲ ನೋಡಿ. ಗಟ್ಟಿ ದನಿಯವಳು ಶರಣಿ. ಬಸವ ಎಕ್ಸ್‌ಪ್ರೆಸ್‌ನಲ್ಲಿ ಮೊಮ್ಮಗನನ್ನ ಕಟ್ಟಿಕೊಂಡು ಬಂದಿದ್ದಳು. ಕೂಲಿಂಗ್ ಗ್ಲಾಸು ವಿಜಯಾ, ಬೆಂಗಳೂರು. ಓದುವಾಗ ನಾವು ಮೂವರೂ ಗಂಗೋತ್ರಿ ಹಾಸ್ಟೆಲಲ್ಲಿ ಒಂದೇ ರೂಮು. ವಿಜಯಾ ಒಳಗೆ ಕಾಲಿಟ್ಟವಳೇ ‘ಎ.ಸಿ. ಇಲ್ವೇನೇ?’ ಅಂದಳು. ಶರಣಿ ಸೆರಗು ಸಡಿಲ ಮಾಡಿಕೊಂಡು ಫ್ಯಾನಿನ ಕೆಳಗೆ ಕೂತು, ‘ಏನ್ ಥಂಡಿ ಅದವಾ ನಿಮ್ಮೂರು’ ಅಂದಳು. ಒಂದೇ ಹಾಲ್, ಒಂದೇ ಮೇ ತಿಂಗಳು, ಪದ್ಮಕ್ಕ.

ನಮ್ಮನೆಯವರ ವಿಷಯ ನಿಮಗೆ ಗೊತ್ತಲ್ಲ. ನೆಂಟರು ಬರ್ತಾರೆ ಅಂದ್ರೆ ಮೊದಲು ಪಟ್ಟಿ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಇಟ್ಟಿದ್ರು: ಒಂಬತ್ತಕ್ಕೆ ತಿಂಡಿ, ಹತ್ತೂವರೆಗೆ ಬೆಟ್ಟ, ಹನ್ನೆರಡೂವರೆಗೆ ಝೂ, ಮೂರಕ್ಕೆ ಅರಮನೆ, ಐದಕ್ಕೆ ಕೆ.ಆರ್.ಎಸ್. ಶರಣಿ ಕನ್ನಡಕ ಏರಿಸಿಕೊಂಡು ಫೈಲ್ ಓದುವ ಗತ್ತಿನಲ್ಲಿ ಓದಿದಳು. ಮೂವತ್ತು ವರ್ಷದ ಮೇಲೆ ಸರ್ಕಾರಿ ಕೆಲಸ ಮಾಡಿ ರಿಟೈರ್ ಆದವಳಲ್ವೇ. ‘ಅಣ್ಣಾರ, ಹನ್ನೆರಡೂವರಿಗೆ ನಿಮ್ಮ ಹುಲಿ ಎದ್ದಿರ್ತದೇನು?’ ಅಂತ ಕೇಳಿದಳು. ಇವರು ಬಾಯಿ ಬಿಡಲಿಲ್ಲ.

ಆಮೇಲೆ ಗೊತ್ತಾಯ್ತು. ಅವರ ಕಡೆ ಏಪ್ರಿಲ್, ಮೇ ಬಂತು ಅಂದ್ರೆ ಸರ್ಕಾರವೇ ಆಫೀಸಿನ ಟೈಮು ಬದಲಾಯಿಸುತ್ತೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಾಗಿಲು. ಕಲಬುರಗಿ ವಿಭಾಗದ ಜಿಲ್ಲೆಗಳಿಗೆಲ್ಲ ಹಾಗೇ, ವಿಜಯಪುರ, ಬಾಗಲಕೋಟೆಗೂ. ಶರಣಿ ಸರ್ವಿಸ್ ಪೂರ್ತಿ ಬೇಸಿಗೆ ಕಳೆದಿದ್ದು ಈ ಲೆಕ್ಕದಲ್ಲೇ. ನಮ್ಮಲ್ಲೋ, 35 ಡಿಗ್ರಿ ದಾಟಿದ್ರೆ ‘ಅಯ್ಯೋ ಸೆಕೆ’ ಅಂತೀವಿ, ಆದ್ರೂ ಭರ್ತಿ ಮಧ್ಯಾಹ್ನವೇ ಕಾರು ತೆಗೀತೀವಿ. ಬಿಸಿಲಿನ ಜತೆ ಸಂಸಾರ ಮಾಡಿದವರಿಗೆ ಅದರ ಗುಣ ಗೊತ್ತು. ಪಟ್ಟಿ ಫ್ರಿಜ್ ಮೇಲೆ ಹೋಯ್ತು. ಮನೆಗೆ ಕಲಬುರಗಿ ಟೈಮು ಬಂತು.

ಐದೂವರೆಗೆಲ್ಲ ಬೆಟ್ಟದ ಪಾದ. ಮೆಟ್ಟಿಲಲ್ಲೇ ಹತ್ತಬೇಕು ಅಂತ ಶರಣಿಯ ಆರ್ಡರು. ಸಾವಿರ ಮೆಟ್ಟಿಲು ಅಂದಾಗ ವಿಜಯಾಗೆ ಮೊದಲ ಮೆಟ್ಟಿಲಲ್ಲೇ ಮಂಡಿ ನೋವು ಶುರು. ನಮ್ಮ ಮುಂದೆ ಒಬ್ಬಾಕೆ ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುತ್ತಾ ಇದ್ಲು. ಬಗ್ಗೋದು, ಮೂರು ಬೆರಳಲ್ಲಿ ಅರಿಶಿನ ಎಳೆಯೋದು, ಮಧ್ಯೆ ಕುಂಕುಮ ಇಡೋದು, ಸೊಂಟಕ್ಕೆ ಕೈ ಕೊಟ್ಟು ಏಳೋದು, ಮತ್ತೆ ಬಗ್ಗೋದು. ಕುಂಕುಮದ ಬಟ್ಟಲು ಒಂದು ಕೈಯಲ್ಲಿ, ಸೀರೆ ನೆರಿಗೆ ಇನ್ನೊಂದರಲ್ಲಿ. ಶರಣಿ ಸುಮ್ಮನೆ ಹೋಗಿ ಬಟ್ಟಲು ಇಸ್ಕೊಂಡು ಹಿಡಿದಳು. ಆಕೆ ಯಾರು, ಇವಳು ಯಾರು, ಇಬ್ಬರೂ ಒಂದು ಮಾತೂ ಆಡಲಿಲ್ಲ. ನಂದಿಯವರೆಗೂ ಹಾಗೇ ಹೋದರು. ಅವರಿಬ್ಬರ ವೇಗದಲ್ಲೇ ವಿಜಯಾ ಹತ್ತಿದ್ದರಿಂದ ಅವಳ ಮಂಡಿಯೂ ತಲುಪಿತು. ನಂದಿ ಏಳ್ನೂರನೇ ಮೆಟ್ಟಿಲ ಹತ್ತಿರ ಇದೆಯಲ್ಲ, ದೊಡ್ಡ ದೇವರಾಜ ಒಡೆಯರ ಕಾಲದ್ದು, ಅಲ್ಲಿ ಕೂತು ನೋಡಿದ್ರೆ ಊರ ಮೇಲೆ ಇನ್ನೂ ತೆಳ್ಳಗೆ ಮಂಜು. ದಸರೆಯಲ್ಲಿ ಬರೋರಿಗೆ ಈ ಮೈಸೂರು ಕಾಣಲ್ಲ, ತಲೆಗಳೇ ಕಾಣೋದು.

ಝೂಗೆ ಇನ್ನೊಂದು ದಿನ, ಬಾಗಿಲು ತೆಗೆಯೋ ಎಂಟೂವರೆಗೇ. ಮಂಗಳವಾರ ರಜೆ ಅನ್ನೋದನ್ನ ನೆನಪಿಟ್ಟುಕೊಳ್ಳಿ ಪದ್ಮಕ್ಕ, ನಿಮ್ಮ ನಾದಿನಿ ಮನೆಯವರು ಬರ್ತಾರೆ ಅಂದ್ರಲ್ಲ. 1892ರಿಂದ ಇರೋ ಝೂ. ನಾವು ಚಿಕ್ಕವರಿದ್ದಾಗಿಂದ ನೋಡಿದೀವಿ, ಆದ್ರೆ ಎದ್ದಿರೋ ಪ್ರಾಣಿಗಳನ್ನ ನಾನು ಸರಿಯಾಗಿ ನೋಡಿದ್ದು ಈಗಲೇ ಅನ್ಸುತ್ತೆ. ಹುಲಿ ಓಡಾಡ್ತಾ ಇತ್ತು! ಆನೆಗೆ ಪೈಪಲ್ಲಿ ನೀರು ಬಿಡ್ತಾ ಇದ್ರು. ಮೊಮ್ಮಗ ಬಸು ಕಂಬಿ ಹಿಡಿದು ನಿಂತು, ತನಗೂ ಮನೇಲಿ ಹಾಗೇ ಸ್ನಾನ ಮಾಡಿಸಬೇಕು ಅಂತ ಹಟ ಹಿಡಿದ. ಅವತ್ತು ನಿಮ್ಮ ಕಡೆ ಗೋಡೆಗೆ ನೀರು ಹಾರಿದ್ದು ಅದಕ್ಕೇ, ಬೇಜಾರು ಮಾಡ್ಕೋಬೇಡಿ. ಆಚೆ ಬರೋ ಹೊತ್ತಿಗೆ ಬಸ್ಸುಗಟ್ಟಲೆ ಜನ ಒಳಗೆ ನುಗ್ಗುತ್ತಾ ಇದ್ರು, ನಾವು ನಜರ್‌ಬಾದ್ ಕಡೆ ದೋಸೆಗೆ. ಅಲ್ಲಿ ಎರಡು ಮೈಲಾರಿ ಇದೆಯಲ್ಲ, ಯಾವುದು ಅಸಲಿ ಅಂತ ಇವರು ಲೆಕ್ಚರ್ ಶುರು ಮಾಡೋದ್ರೊಳಗೆ ಶರಣಿ ಎದುರಿಗೆ ಸಿಕ್ಕಿದ್ದರಲ್ಲಿ ಕೂತು ಬೆಣ್ಣೆ ಕರಗೋದು ನೋಡ್ತಾ ಇದ್ಲು.

ಈಗ ಮುಖ್ಯ ವಿಷಯ. ಮಧ್ಯಾಹ್ನ.

ಹನ್ನೆರಡಕ್ಕೆ ಮೊದಲೇ ಮನೆ. ಪಡುವಣ ಕಿಟಕಿ ಎಲ್ಲ ಮುಚ್ಚಿ, ಹಳೇ ಬೆಡ್‌ಶೀಟು ನೀರಲ್ಲಿ ಹಿಂಡಿ ಮೂಡಣ ಕಿಟಕಿಗೆ ಇಳಿಬಿಟ್ಟಳು ಶರಣಿ. ನಾನು ‘ಸುಮ್ನಿರೇ, ನಮ್ಮಲ್ಲಿ ಅಷ್ಟೆಲ್ಲ ಬೇಡ’ ಅಂದೆ. ಗಾಳಿ ಒಂದು ಸಲ ಒಳಗೆ ಬಂತು ನೋಡಿ, ವಿಜಯಾ ಎ.ಸಿ. ಸುದ್ದಿ ಮತ್ತೆ ಎತ್ತಲಿಲ್ಲ. ದೇವರಾಜ ಮಾರ್ಕೆಟಿಂದ ತಂದ ಹಣ್ಣು ಬೆಳಿಗ್ಗೆಯಿಂದಲೇ ಬಕೆಟ್ ನೀರಲ್ಲಿ. ನಾನು ರಸಪುರಿ ಪಕ್ಷ, ವಿಜಯಾ ಬಾದಾಮಿ. ಅವಳು ತಟ್ಟೆ, ಚಾಕು, ಫೋರ್ಕು ಅಂತ ಶುರು ಮಾಡಿದಳು. ಬಸು ಪಕ್ಕದಲ್ಲಿ ಕೂತು, ಹಣ್ಣು ಹಿಸುಕಿ ಹಿಸುಕಿ ಮೆತ್ತಗೆ ಮಾಡಿ, ತೊಟ್ಟು ಕಚ್ಚಿ ಉಗಿದು, ಮೊದಲ ಸೊನೆ ಹಿಂಡಿ ಬಿಸಾಕಿ, ಒಂದೇ ಉಸಿರಲ್ಲಿ ಚೀಪಿದ. ಮೊಣಕೈವರೆಗೂ ರಸ. ಅವನ ಕೈಗೆ ಎರಡನೇ ಹಣ್ಣು ಬರೋ ಹೊತ್ತಿಗೆ ಫೋರ್ಕು ಸಿಂಕು ಸೇರಿತ್ತು. ಮಿಕ್ಕಿದ್ದಕ್ಕೆ ಶರಣಿ ಶೀಕರಣೆ ಮಾಡಿದಳು, ಹಾಲು, ಬೆಲ್ಲ, ಏಲಕ್ಕಿ ಅಷ್ಟೇ. ಅದರ ಜತೆ ಚಪಾತಿ. ಆಮೇಲೆ ಯಾರು ತಾನೇ ಅರಮನೆ ನೋಡ್ತಾರೆ ಹೇಳಿ.

ಕೆಂಪು ನೆಲ ಇದ್ದಿದ್ದು ಒಳ್ಳೇದಾಯ್ತು. ಟೈಲ್ಸ್ ಹಾಕಿಸ್ಬಿಡೋಣ ಅಂತ ಮಗ ಹೇಳ್ತಾನೇ ಇರ್ತಾನೆ. ಚಾಪೆಯೂ ಇಲ್ಲದೆ ಮೂವರೂ ಉರುಳಿಕೊಂಡ್ವಿ, ಫ್ಯಾನು ನೋಡ್ತಾ. ಎದುರಾಬದುರು ಕೂತಾಗ ಬರದ ಮಾತು ಸೂರು ನೋಡ್ತಾ ಮಲಗಿದಾಗ ಬರುತ್ತೆ, ಗಮನಿಸಿದೀರಾ? ಹಾಸ್ಟೆಲ್ ಮೆಸ್ಸಿನ ನೀರು ಸಾಂಬಾರಿನಿಂದ ಶುರುವಾಗಿದ್ದು ಎಲ್ಲೆಲ್ಲಿಗೋ ಹೋಯ್ತು. ಶರಣಿ ಗಂಡ ತೀರಿಕೊಂಡ ವರ್ಷದ ಮಾತು ಮೊದಲ ಸಲ ಬಾಯಿಬಿಟ್ಟು ಹೇಳಿದಳು, ಅಳಲೂ ಇಲ್ಲ. ವಿಜಯಾ ಹೇಳಿದ್ದು ಕಾಂಪೌಂಡ್ ಮೇಲೆ ಹೇಳೋ ವಿಷಯ ಅಲ್ಲ. ಇಲ್ಲ, ನೀವು ಎಷ್ಟು ಕೇಳಿದ್ರೂ ಹೇಳಲ್ಲ. ನಾವು ಮೈಸೂರಿನವರು ನೆಂಟರನ್ನ ಬೆಳಿಗ್ಗೆಯಿಂದ ರಾತ್ರಿವರೆಗೆ ಸುತ್ತಿಸಿ ಸುತ್ತಿಸಿ ಸುಸ್ತು ಮಾಡಿ ರೈಲು ಹತ್ತಿಸ್ತೀವಿ. ಅವರ ಫೋನ್ ತುಂಬಾ ಫೋಟೋ, ಎಲ್ಲದರಲ್ಲೂ ಹಲ್ಲು ಕಿರಿದಿರ್ತಾರೆ. ಹೇಗಿದೀಯ ಅಂತ ಕೇಳೋಕೆ ಮಾತ್ರ ಪುರುಸೊತ್ತಿರಲ್ಲ. ಮಧ್ಯಾಹ್ನ ಕೂಡಿ ಹಾಕೋದೇ ಉಪಚಾರ ಅಂತ ನಾನಂತೂ ತೀರ್ಮಾನ ಮಾಡಿದೀನಿ.

ನಾಲ್ಕರ ಮೇಲೆ ಕಾಫಿ, ಆಮೇಲೆ ಹೊರಗೆ. ಒಂದು ಸಂಜೆ ಜಗನ್ಮೋಹನ ಅರಮನೆ. ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದರ ಮುಂದೆ ನಿಂತು ಇವರು ‘ರವಿವರ್ಮ’ ಅಂದ್ರು. ವಿಜಯಾ ಬಿಡ್ತಾಳಾ? ಎಸ್.ಎಲ್. ಹಲ್ದಂಕರ್ ಬರೆದಿದ್ದು, ಎಣ್ಣೆ ಬಣ್ಣವೂ ಅಲ್ಲ, ಜಲವರ್ಣ, ಅಲ್ಲಿ ನಿಂತಿರೋದು ಅವರ ಮಗಳೇ, ಆಕೆ ನೂರು ವರ್ಷ ದಾಟಿ ಬದುಕಿದ್ರು ಅಂತ ಎಲ್ಲ ಹೇಳಿದಳು. ಕೋಣೆ ಕತ್ತಲು ಮಾಡಿರ್ತಾರಲ್ಲ, ದೀಪದ ಬೆಳಕು ಬೆರಳ ಸಂದಿಯಿಂದ ಮುಖಕ್ಕೆ ಬಿದ್ದ ಹಾಗೇ ಕಾಣುತ್ತೆ. ಬಸು ಕೇಳಿದ, ‘ದೀಪ ಆರಿಸಿದ್ರ ಆಕಿ ಕಾಣ್ತಾಳೇನಜ್ಜಿ?’ ಅವನಿಗೆ ಉತ್ತರ ಕೊಡೋ ಹಿರಿಯರು ಯಾರೂ ಅಲ್ಲಿರಲಿಲ್ಲ.

ಭಾನುವಾರ ಏಳಕ್ಕೆ ಅರಮನೆ ದೀಪ. ಇವರಿಗೆ ಚಾನ್ಸ್ ಸಿಕ್ತು. ಹಳೇ ಮರದ ಅರಮನೆ, 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿ, ಆಮೇಲೆ ಹೆನ್ರಿ ಇರ್ವಿನ್ ನಕ್ಷೆ, 1912ಕ್ಕೆ ಈ ಕಟ್ಟಡ ಅಂತ ಶುರು ಮಾಡಿದ್ರು. ಇನ್ನೂ ಬೆಂಕಿ ಹತ್ತುತ್ತಾ ಇತ್ತು, ಅಷ್ಟರಲ್ಲಿ ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೇ ಹೊತ್ತಿಕೊಂಡವು. ಜನ ‘ಓ’ ಅಂದ ಸದ್ದಲ್ಲಿ ಇರ್ವಿನ್ ಮುಳುಗಿಹೋದ. ಕೆ.ಆರ್.ಎಸ್.ಗೂ ಹೋದ್ವಿ, ಹೋಗಲೇಬೇಕಲ್ಲ. ಮೇ ತಿಂಗಳಲ್ಲಿ ಕಟ್ಟೆಯಲ್ಲಿ ನೀರು ಕೇಳಬೇಡಿ, ಬೃಂದಾವನದ ಕಾರಂಜಿ ಕುಣಿಯುತ್ತೆ, ವಾಪಸ್ ಬರೋ ರಸ್ತೆಯಲ್ಲಿ ಕಾರು ಕುಣಿಯಲ್ಲ. ನಿಮ್ಮ ನಾದಿನಿಯವರನ್ನ ಕರ್ಕೊಂಡು ಹೋಗೋದಾದ್ರೆ ವಾರದ ಮಧ್ಯೆ ಹೋಗಿ.

ಹೊರಡುವಾಗ ಶರಣಿ ನಮ್ಮಿಬ್ಬರನ್ನೂ ಕಲಬುರಗಿಗೆ ಕರೆದಳು. ಕೋಟೆಯೊಳಗಿನ ಜಾಮಿ ಮಸೀದಿ ತೋರಿಸ್ತಾಳಂತೆ, 1367ರದ್ದು. ಬೇರೆ ಮಸೀದಿಗಳ ಹಾಗೆ ತೆರೆದ ಅಂಗಳವೇ ಇಲ್ಲವಂತೆ, ಪೂರ್ತಿ ಗುಮ್ಮಟಗಳ ನೆರಳು. ‘ಕಟ್ಟಿದಾಂವಗ ನಮ್ಮ ಬಿಸಲು ಗೊತ್ತಿತ್ತು’ ಅನ್ನೋದು ಅವಳ ವಾದ. ಇವರು ಮೆಲ್ಲಗೆ, ಡಿಸೆಂಬರಲ್ಲಿ ಬರೋಣ್ವಾ ಅಂದ್ರು. ‘ಡಿಸೆಂಬರ್‌ದಾಗ ಯಾರ್ ಬೇಕಾದ್ರೂ ಬರ್ತಾರ್ರೀ ಅಣ್ಣಾರ, ನೀವು ಮೇದಾಗ ಬರ್ರಿ’ ಅಂದುಬಿಟ್ಟಳು. ಸ್ಟೇಷನ್ನಿಂದ ಬಂದಾಗಿನಿಂದ ಇವರು ಮೊಬೈಲಲ್ಲಿ ಕಲಬುರಗಿ ಟೆಂಪರೇಚರ್ ನೋಡ್ತಾ ಕೂತಿದಾರೆ. ಈಗ 41 ಅಂತೆ. ಪಟ್ಟಿಗೆ ಇನ್ನೂ ಪೆನ್ನು ತೆಗೆದಿಲ್ಲ.